ಹೊಸ ಬೆಲ್ಟ್ ಹಾಕಿದರೂ ಡೀಸೆಲ್ ಎಂಜಿನ್ ಕೂಗೋದು ನಿಂತಿಲ್ಲ

ಘಟ್ಟದ ಗಾಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ಸೀಟಿನ ಡೀಸೆಲ್ ಗಾಡಿ, 1,30,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗೆ ಚಿಂವ್ ಚಿಂವ್ ಶುರುವಾಗುತ್ತೆ. ಐಡ್ಲಿಂಗ್‌ನಲ್ಲಿ ಜಾಸ್ತಿ, ಆಕ್ಸಿಲರೇಟರ್ ಒತ್ತಿದರೆ ಕಡಿಮೆ. ಎ.ಸಿ. ಹಾಕಿದರೂ ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಏನೂ ವ್ಯತ್ಯಾಸ ಇಲ್ಲ. ಗ್ಯಾರೇಜಿನಲ್ಲಿ ಡೈನಮೋ (ಬ್ಯಾಟರಿ ಚಾರ್ಜ್ ಮಾಡೋದು) ತಿರುಗಿಸೋ ಬೆಲ್ಟ್ ಬದಲಾಯಿಸಿದರು, ಸ್ವಲ್ಪ ದಿನ ಸುಮ್ನಿತ್ತು, ಈಗ ಮತ್ತೆ ಅದೇ. ಬೆಲ್ಟ್ ಬಿಗಿಯಾಗಿ ಹಿಡಿಯೋ ಟೆನ್ಷನರ್ ಕೂಡ ಹೊಸದು ಹಾಕಿಸಿ ಅಂತಿದ್ದಾರೆ. ಆಗಾಗ ಆಗುಂಬೆ ಘಾಟಿ ಇಳಿಯೋದಿರುತ್ತೆ, ಅಪ್ಪ ಅಮ್ಮ ಜೊತೆಗಿರ್ತಾರೆ, ಅಲ್ಲಿ ಬೆಲ್ಟ್ ಕಟ್ಟಾದರೆ ಅಂತ ಭಯ. ದುಡ್ಡು ಹಾಕೋ ಮೊದಲು ಮನೇಲೇ ಏನಾದ್ರೂ ನೋಡಬಹುದಾ?

ಪಾನಾ ಪೆಟ್ಟಿಗೆ:
ನೋಡಬಹುದು ಸರ್. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬೆಲ್ಟಿನ ಗೀರು ಇರೋ ಕಡೆಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೀರಿ. ಸದ್ದು ತಕ್ಷಣ ಜೋರಾದರೆ ಬೆಲ್ಟ್ ಜಾರುತ್ತಿದೆ, ಅಂದ್ರೆ ಬಿಗಿ ಸಾಲದು. ಕೆಲವು ಕ್ಷಣ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ (ಬೆಲ್ಟ್ ಸುತ್ತಿಕೊಂಡಿರೋ ಚಕ್ರ) ನೇರ ಕೂತಿಲ್ಲ. ಏನೂ ಬದಲಾಗದೇ ಇದ್ದರೆ ಬೇರಿಂಗ್ ಮೇಲೆ ಅನುಮಾನ ಪಡಿ, ಆದರೆ ಬೇರಿಂಗ್ ಸದ್ದು ಸಾಮಾನ್ಯವಾಗಿ ಗರಗರ ಅಂತಿರುತ್ತೆ, ನೀವು ಹೇಳಿದ ಹಾಗೆ ಚಿಂವ್ ಅನ್ನಲ್ಲ. ಪಂಚೆ, ಶಾಲು, ಕೈ ಎಲ್ಲ ಬೆಲ್ಟಿನಿಂದ ದೂರ ಇರಲಿ.

ಸೋಪು, ಗ್ರೀಸು, ಅಂಗಡಿಯ ಬೆಲ್ಟ್ ಸ್ಪ್ರೇ ಯಾವುದನ್ನೂ ಹಚ್ಚಬೇಡಿ. ಸದ್ದು ಎರಡು ದಿನ ಅಡಗುತ್ತೆ, ಆಮೇಲೆ ಧೂಳು ಮೆತ್ತಿಕೊಂಡು ಹೊಸ ಬೆಲ್ಟೂ ಹಾಳು.

ಡೀಸೆಲ್ ರಾಯರು:
ಐಡ್ಲಿಂಗ್‌ನಲ್ಲಿ ಮಾತ್ರ ಜಾಸ್ತಿ, ಎ.ಸಿ., ಸ್ಟೀರಿಂಗ್ ಲೋಡ್ ಕೊಟ್ಟರೂ ವ್ಯತ್ಯಾಸ ಇಲ್ಲ ಅಂದ್ರೆ ನನ್ನ ಗಮನ ಮೊದಲು ಡೈನಮೋ ಪುಲ್ಲಿ ಮೇಲೆ ಹೋಗುತ್ತೆ. ಡೀಸೆಲ್ ಎಂಜಿನ್ನಿನಲ್ಲಿ ಕಂಪ್ರೆಷನ್ ಜಾಸ್ತಿ, ಹಾಗಾಗಿ ಕ್ರ್ಯಾಂಕ್ (ಬೆಲ್ಟನ್ನು ತಿರುಗಿಸೋ ಎಂಜಿನ್ ದಂಡ) ಒಂದೇ ಸಮ ತಿರುಗಲ್ಲ, ಪ್ರತಿ ಸಿಲಿಂಡರ್ ಉರಿದಾಗ ಮುಂದಕ್ಕೆ ನೂಕಿ ಆಮೇಲೆ ನಿಧಾನ ಆಗುತ್ತೆ, ಐಡ್ಲಿಂಗ್‌ನಲ್ಲಿ ಈ ಏರಿಳಿತ ತುಂಬಾ ಜಾಸ್ತಿ. ಆದರೆ ಡೈನಮೋ ಒಳಗಿನ ರೋಟರ್ ಭಾರ ಇರುತ್ತೆ, ಅದು ಇಷ್ಟು ಬೇಗ ನಿಧಾನ ಆಗಲ್ಲ. ಬೆಲ್ಟಿಗೆ ಈ ಜಗ್ಗಾಟ ತಾಗಬಾರದು ಅಂತಲೇ ಈಚಿನ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಸೈಕಲ್ ಫ್ರೀವೀಲ್ ಥರ ಒಂದೇ ಕಡೆ ಹಿಡಿಯೋ ಪುಲ್ಲಿ ಇಟ್ಟಿರ್ತಾರೆ. ಅದು ಒಳಗೆ ಜಾಮ್ ಆದರೆ ಬೆಲ್ಟ್ ಕುಣಿಯುತ್ತೆ, ಟೆನ್ಷನರ್ ತೋಳು ಗಡಗಡ ಅಲ್ಲಾಡುತ್ತೆ, ನೋಡಿದವರು ಟೆನ್ಷನರ್ ಹೋಗಿದೆ ಅಂದುಕೊಳ್ಳೋದು ಸಹಜ.

ಎಂಜಿನ್ ಆಫ್ ಮಾಡಿ ಕಿವಿಗೊಡಿ. ಪುಲ್ಲಿ ಸರಿ ಇದ್ದರೆ ಬೆಲ್ಟ್ ನಿಂತ ಮೇಲೂ ರೋಟರ್ ಒಂದು ಕ್ಷಣ ಜುಯ್ಯ್ ಅಂತ ಸುತ್ತುತ್ತೆ. ಬೆಲ್ಟ್ ಬಿಚ್ಚಿದಾಗ ರೋಟರ್ ಹಿಡಿದುಕೊಂಡು ಪುಲ್ಲಿ ತಿರುಗಿಸಿ: ಒಂದು ಕಡೆ ಸಲೀಸಾಗಿ ಹೋಗಬೇಕು, ಇನ್ನೊಂದು ಕಡೆ ಹಿಡೀಬೇಕು. ಎರಡೂ ಕಡೆ ಹಿಡಿದರೆ ಅದೇ ಕಳ್ಳ. ಹಾಗೇ ಕ್ರ್ಯಾಂಕ್ ಪುಲ್ಲಿಯ ನಡುವಿನ ರಬ್ಬರೂ ನೋಡಿ, ಬಿರುಕು ಬಿಟ್ಟಿದ್ದರೆ ಹೊರಗಿನ ರಿಂಗ್ ಓಲಾಡುತ್ತೆ.

ಬೆಲ್ಟ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿ ಸದ್ದು ಪರೀಕ್ಷೆ ಮಾಡೋದಾದರೆ ಹತ್ತಿಪ್ಪತ್ತು ಸೆಕೆಂಡ್ ಸಾಕು, ಗಾಡಿ ನಿಂತಲ್ಲೇ ಇರಲಿ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿರಬಹುದು. ಅದಕ್ಕಿಂತ ದೊಡ್ಡ ವಿಷಯ ಬ್ರೇಕು. ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಒತ್ತೋದನ್ನು ಹಗುರ ಮಾಡೋ ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪಂಪು ಡೈನಮೋ ಬೆನ್ನಿಗೇ ಇರುತ್ತೆ. ಬೆಲ್ಟ್ ಹೋದರೆ ಕೆಲವೇ ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತೆ. ಘಾಟಿ ವಿಷಯದಲ್ಲಿ ನಿಮ್ಮ ಭಯ ಸರಿಯಾಗಿಯೇ ಇದೆ, ಇದು ಸರಿಹೋಗೋವರೆಗೆ ಇಳಿಯಬೇಡಿ.

ಘಟ್ಟದ ಗಾಡಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ನೀರು ಹೊಡೆದಾಗ ಸ್ವಲ್ಪ ಹೊತ್ತು ನಿಂತು ಮತ್ತೆ ಬಂತು. ಇವತ್ತು ಗ್ಯಾರೇಜಿನಲ್ಲಿ ಬೆಲ್ಟ್ ಬಿಚ್ಚಿಸಿ ನೋಡಿದ್ವಿ, ಡೈನಮೋ ಪುಲ್ಲಿ ಎರಡೂ ಕಡೆ ಹಿಡೀತಿದೆ. ಟೆನ್ಷನರ್ ತೋಳು ಸರಿಯಾಗಿ ವಾಪಸ್ ಬರ್ತಿದೆ, ಅದರ ಚಕ್ರದಲ್ಲಿ ಸದ್ದಿಲ್ಲ. ಡೈನಮೋನೇ ಹೊಸದು ಹಾಕಬೇಕಾ?

ಪಾನಾ ಪೆಟ್ಟಿಗೆ:
ಬೇಡ ಸರ್, ಚಾರ್ಜಿಂಗ್ ಸರಿ ಇದ್ದರೆ ಪುಲ್ಲಿ ಒಂದೇ ಸಾಕು. ಎಂಜಿನ್ ಓಡುವಾಗ ಬ್ಯಾಟರಿಗೆ 14 ವೋಲ್ಟ್ ಆಸುಪಾಸು ಬರ್ತಿದೆಯಾ ಅಂತ ಮೊದಲು ನೋಡಿಸಿ. ಡೈನಮೋ ರಿಪೇರಿ ಮಾಡೋ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಈ ಪುಲ್ಲಿ ಬಿಚ್ಚೋಕೆ ಹಲ್ಲಿರೋ ಬೇರೆ ಟೂಲ್ ಬೇಕು. ಸುತ್ತಿಗೆ ಹೊಡೆದು ಬಿಚ್ಚೋಕೆ ಮಾತ್ರ ಬಿಡಬೇಡಿ, ಶಾಫ್ಟ್ ಹಾಳಾದರೆ ಆಗ ನಿಜವಾಗಲೂ ಡೈನಮೋನೇ ತರಬೇಕಾಗುತ್ತೆ.