‘ಅಗತ್ಯ ತೈಲ’ ಸರಿಯೇ? ಎಣ್ಣೆ, ತೈಲ, ಸಾರ: ಸೊಳ್ಳೆ ನಿಯಂತ್ರಣದ ಬರಹದಲ್ಲಿ

ಪ್ರಶ್ನೆ: ಸಸ್ಯಮೂಲದ ಎಣ್ಣೆಗಳಿಂದ ಸೊಳ್ಳೆ ನಿಯಂತ್ರಿಸುವ ಬಗ್ಗೆ ಕೈಪಿಡಿಯೊಂದನ್ನು ತಿದ್ದುತ್ತಿದ್ದೇನೆ. ‘ಅಗತ್ಯ ತೈಲ’, ‘ಎಣ್ಣೆ’, ‘ಸಾರ’ ಮೂರೂ ಒಂದರ ಜಾಗದಲ್ಲಿ ಇನ್ನೊಂದು ಬಂದಿವೆ. ಎಲ್ಲಕ್ಕೂ ‘ತೈಲ’ ಎಂದರೆ ಸಾಲದೇ? ‘ನಿವಾರಕ’, ‘ಮರಿನಾಶಕ’ ಎರಡನ್ನೂ ‘ಸೊಳ್ಳೆನಾಶಕ’ ಎನ್ನಬಹುದೇ?

ಉತ್ತರ 1: ಸಾಲದು, ಮೂರೂ ಬೇರೆ ವಸ್ತುಗಳು. ಬೇವಿನ, ಹೊಂಗೆಯ ಬೀಜ ಹಿಂಡಿ ತೆಗೆದದ್ದು ಎಣ್ಣೆ. ಕಾಗದದ ಮೇಲೆ ಒಂದು ತೊಟ್ಟು ಬಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ನಿಂಬೆಹುಲ್ಲನ್ನು ಹಬೆಯಲ್ಲಿ ಭಟ್ಟಿ ಇಳಿಸಿದ್ದು ಅದೇ ಕಾಗದದಿಂದ ಬಹುಮಟ್ಟಿಗೆ ಹಾರಿಹೋಗುತ್ತದೆ. ಎಲೆಪುಡಿಯನ್ನು ಎಥನಾಲ್‌ನಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಆವಿಯಾಗಿಸಿದ ಮೇಲೆ ಉಳಿಯುವ ಕಡುಹಸಿರು ಅಂಟು, ಸಾರ.

‘ಅಗತ್ಯ ತೈಲ’ ಶುದ್ಧ ತಪ್ಪು. ಇದು ಇಂಗ್ಲಿಷಿನ ‘ಎಸೆನ್ಷಿಯಲ್ ಆಯಿಲ್’ನ ಪದಶಃ ಅನುವಾದ; ಅಲ್ಲಿ ಎಸೆನ್ಷಿಯಲ್ ಎಂಬಲ್ಲಿರುವುದು ಗಿಡದ ಸತ್ತ್ವ, ‘ಬೇಕೇಬೇಕು’ ಎಂಬ ಅರ್ಥವಲ್ಲ. ‘ಸಾರಭೂತ ತೈಲ’ದಲ್ಲಿ ಅರ್ಥ ಉಳಿದರೂ ಪಕ್ಕದಲ್ಲೇ ‘ಸಾರ’ ಬಂದಾಗ ಓದುಗ ತಡವರಿಸುತ್ತಾನೆ. ನನ್ನ ಮತ ‘ಸುಗಂಧ ತೈಲ’ಕ್ಕೆ.

ಪದ ಕೈಕೊಡುವುದು ನಿಂಬೆ ನೀಲಗಿರಿಯಲ್ಲಿ (ನಿಂಬೆ ವಾಸನೆಯ ನೀಲಗಿರಿ ಮರ). ಭಟ್ಟಿಯಿಂದ ಇಳಿದ ತೈಲದಲ್ಲಿ ಹೆಚ್ಚಿರುವುದು ಸಿಟ್ರೊನೆಲಾಲ್ ಎಂಬ ವಾಸನೆಯ ಅಂಶ, ಬೇಗ ಆರಿಹೋಗುತ್ತದೆ. ಮೈಗೆ ಹಚ್ಚಲು ಆರೋಗ್ಯ ಸಂಸ್ಥೆಗಳು ಹೇಳುವುದು ಪಿಎಂಡಿ ಎಂಬ, ಸೊಳ್ಳೆಯನ್ನು ದೂರವಿಡುವ ಅಂಶ ಹೆಚ್ಚಿಸಿ ಸಂಸ್ಕರಿಸಿದ ನಿವಾರಕವನ್ನು, ಅದೂ 3 ವರ್ಷದೊಳಗಿನ ಮಕ್ಕಳಿಗೆ ಬೇಡ. ಎರಡನ್ನೂ ‘ನಿಂಬೆ ನೀಲಗಿರಿ ತೈಲ’ ಎಂದು ಬರೆದರೆ ಓದಿದವರು ಮೊದಲನೆಯದನ್ನೇ ಹಚ್ಚಿಕೊಂಡಾರು.

ನಿವಾರಕ ಸೊಳ್ಳೆಯನ್ನು ಕೊಲ್ಲಬೇಕಿಲ್ಲ, ಮೈಮೇಲೆ ಕೂರದಂತೆ ಮಾಡಿದರೆ ಸಾಕು. ಮರಿನಾಶಕ ಬೀಳುವುದು ಸೊಳ್ಳೆಮರಿಗಳಿರುವ ನೀರಿಗೆ, ಅವನ್ನು ಕೊಲ್ಲಲು. ‘ಸೊಳ್ಳೆನಾಶಕ’ ಎಂದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಉತ್ತರ 2: ಭಟ್ಟಿಯದು ತೈಲ, ಗಾಣದ್ದು ಎಣ್ಣೆ ಎಂಬ ಗೆರೆ ಕೈಪಿಡಿಗೆ ಒಳ್ಳೆಯದು, ಬಳಕೆಯಲ್ಲಿ ನಿಲ್ಲದು: ಗಂಧದೆಣ್ಣೆ ಭಟ್ಟಿಯದೇ. (ಮೂಲಕ್ಕೆ ಹೋದರೆ ಎಣ್ಣೆಯಲ್ಲಿ ಎಳ್ಳಿದೆ, ತೈಲದಲ್ಲಿ ತಿಲವಿದೆ, ಎರಡೂ ಎಳ್ಳೆಣ್ಣೆಯೇ.) ಪ್ರತಿ ಪದದ ಮೊದಲ ಬಳಕೆಯಲ್ಲಿ ತಯಾರಿಯ ಬಗೆಯನ್ನೂ ಬರೆಯಿರಿ.

‘ಮರಿನಾಶಕ’ವನ್ನೂ ಬೇವಿಗೆ ಕಣ್ಣುಮುಚ್ಚಿ ಅಂಟಿಸಬೇಡಿ. ವಾಡಿಕೆಯ ಪರೀಕ್ಷೆಯಲ್ಲಿ ಎಣ್ಣೆ ಅಥವಾ ಸಾರ ಬೆರೆಸಿದ 100 ಮಿ.ಲೀ. ನೀರಿಗೆ ಬೆಳವಣಿಗೆಯ 3ನೇ ಹಂತದ ಕೊನೆಯ ಅಥವಾ 4ನೇ ಹಂತದ ಮೊದಲ 25 ಮರಿಗಳನ್ನು ಬಿಟ್ಟು, 24 ಗಂಟೆಯ ಬಳಿಕ ಸತ್ತವನ್ನು ಎಣಿಸುತ್ತಾರೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಮುಖ್ಯವಾಗಿ ಮರಿ ಬೆಳೆಯುತ್ತ ಪೊರೆ ಕಳಚುವುದನ್ನು ಕೆಡಿಸುತ್ತದೆ. ಮರುದಿನ ಮರಿಗಳು ಓಡಾಡುತ್ತಲೇ ಇರಬಹುದು. ಆಗಲೇ ‘ಪರಿಣಾಮವಿಲ್ಲ’ ಎಂದು ಬರೆದರೆ ತಪ್ಪು, ರೆಕ್ಕೆ ಬಂದು ಹೊರಬೀಳುವ ಸೊಳ್ಳೆಗಳ ಲೆಕ್ಕ ಬೇಕು. ಬೇವಿಗೆ ‘ಬೆಳವಣಿಗೆ ನಿಯಂತ್ರಕ’ ಎಂಬ ಪದ ಒಪ್ಪುತ್ತದೆ.

‘ನೀರಿಗೆ ಬೆರೆಸಿ’ ಎಂಬ ಸೂಚನೆಯನ್ನೂ ತಿದ್ದಿ. ಟ್ವೀನ್-80ರಂಥ ಎಮಲ್ಸಿಫೈಯರ್ (ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ವಸ್ತು) ಇಲ್ಲದೆ ಎಣ್ಣೆ ಮೇಲೆ ತೇಲಿ ಪೊರೆಗಟ್ಟುತ್ತದೆ. ಉಸಿರಿಗೆ ಮೇಲೆ ಬಂದ ಮರಿ ಉಸಿರುಕಟ್ಟಿ ಸತ್ತರೆ ಹೆಸರು ಗಿಡಕ್ಕೆ ಬರುತ್ತದೆ! ಪರೀಕ್ಷೆಯಲ್ಲಿ ಎಣ್ಣೆಯಿಲ್ಲದೆ ಎಮಲ್ಸಿಫೈಯರ್ ಮಾತ್ರ ಹಾಕಿದ, ಹೋಲಿಸಿ ನೋಡುವ ಪಾತ್ರೆಯೂ ಇರಲಿ. ಅದರಲ್ಲಿ ಶೇ. 20ಕ್ಕಿಂತ ಹೆಚ್ಚು ಮರಿ ಸತ್ತರೆ ಆ ಪರೀಕ್ಷೆಯನ್ನೇ ಬಿಟ್ಟು ಹೊಸದಾಗಿ ಮಾಡಬೇಕು.