ಸಹಿ ಪರಿಶೀಲನೆಯನ್ನು ಕೈಬಿಡದೆ ನಿಧಾನವಾದ ಸಂಪರ್ಕದಲ್ಲಿ ಆಪ್ಟ್ ಅಪ್‌ಡೇಟ್ ಮಾಡುವುದು ಹೇಗೆ?

ಹೆಗಡೆ, ಶಿರಸಿ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದೇನೆ. ಹೆಚ್ಚಿನ ಯಂತ್ರಗಳಲ್ಲಿ ಉಬುಂಟು 24.04 ಇದೆ, ಹಳೆಯ ಎರಡರಲ್ಲಿ ಡೆಬಿಯನ್ 12 ಇದೆ, ಮುಖ್ಯೋಪಾಧ್ಯಾಯರ ಲ್ಯಾಪ್‌ಟಾಪಿನಲ್ಲಿ ಫೆಡೋರಾ ಇದೆ, ಮೂರೂ ಲಿನಕ್ಸ್‌ನ ಬಗೆಗಳು. ಫೈಬರ್ ಸಂಪರ್ಕ ಉಂಟು, ಆದರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಅದು ಸರಿಯಾಗುವವರೆಗೂ ಮೊಬೈಲ್ ಹಾಟ್‌ಸ್ಪಾಟೇ ಗತಿ.

ಪ್ರಿಂಟರಿನ ಚಾಲಕ ತಂತ್ರಾಂಶಕ್ಕಾಗಿ ತಯಾರಕರ ರೆಪೊಸಿಟರಿಯೊಂದನ್ನು, ಅಂದರೆ ತಂತ್ರಾಂಶ ಪ್ಯಾಕೇಜುಗಳ ಭಂಡಾರವನ್ನು, ಸೇರಿಸಿಕೊಂಡಿದ್ದೆವು. ಅಂದಿನಿಂದ ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ತಂತ್ರಾಂಶಕ್ಕೆ ಪ್ರತಿ ಸಲ ಅಪ್‌ಡೇಟ್ ಕೊಟ್ಟಾಗಲೂ ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿ ಸಿಗುತ್ತಿಲ್ಲ, ಅಂದರೆ 'ನೋ ಪಬ್‌ಕೀ' ಎಂಬ ದೋಷ ಬರುತ್ತಿತ್ತು. ದುರಸ್ತಿಗೆ ಬಂದ ತಂತ್ರಜ್ಞರೊಬ್ಬರು ಆ ರೆಪೊಸಿಟರಿಯ ಸಾಲಿನಲ್ಲಿ 'ಟ್ರಸ್ಟೆಡ್=ಯೆಸ್' ಎಂದು ಸೇರಿಸಿದರು, ದೋಷ ಮಾಯವಾಯಿತು. ಡೆಬಿಯನ್ ಇರುವ ಎರಡು ಯಂತ್ರಗಳಲ್ಲಿ 'ರಿಲೀಸ್ ಕಡತ ಇನ್ನೂ ಮಾನ್ಯವಾಗಿಲ್ಲ' ಎಂಬ ಬೇರೆಯೇ ತಕರಾರಿದೆ. ಅದಕ್ಕೂ ಅವರು ಇಂಥದೇ ಒಂದು ಉಪಾಯ ಹೇಳಿ ಹೋಗಿದ್ದಾರೆ, ನಾನು ಇನ್ನೂ ಮಾಡಿಲ್ಲ.

ಇದನ್ನು ಹೀಗೆಯೇ ಬಿಡಬಹುದೇ? ಬಿಡಬಾರದೆಂದಾದರೆ ಸರಿಯಾದ ಕ್ರಮ ಯಾವುದು? ಸಂಪರ್ಕ ನಡುನಡುವೆ ಕಡಿದುಹೋಗುವ ನಮ್ಮಂಥ ಕಡೆ ಡೌನ್‌ಲೋಡಿಗೆ ಸಂಬಂಧಿಸಿದ ಯಾವ ಸೆಟ್ಟಿಂಗುಗಳನ್ನು ಬದಲಿಸಿಕೊಂಡರೆ ಅನುಕೂಲವಾದೀತು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಗಾಂವ್ಕರ್, ಕಾರವಾರ

ಹೆಗಡೆಯವರೇ, ಮೊದಲು ಆ 'ಟ್ರಸ್ಟೆಡ್=ಯೆಸ್' ಅನ್ನು ತೆಗೆಯಿರಿ, ಉಳಿದದ್ದು ಆಮೇಲೆ. ಅದು ದೋಷವನ್ನು ಸರಿಪಡಿಸುವುದಿಲ್ಲ, ದೋಷವನ್ನು ಹೇಳುವ ಬಾಯನ್ನು ಮುಚ್ಚಿಸುತ್ತದೆ, ಅಷ್ಟೇ.

ಆಪ್ಟ್ ನಂಬಿಕೆಯನ್ನು ಹೇಗೆ ಕಟ್ಟುತ್ತದೆಂದು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದು ಪ್ಯಾಕೇಜಿಗೂ ಪ್ರತ್ಯೇಕ ಸಹಿಯನ್ನು ಪರಿಶೀಲಿಸುವುದಿಲ್ಲ. ರೆಪೊಸಿಟರಿಯ ಮೇಲ್ಮಟ್ಟದಲ್ಲಿ 'ಇನ್‌ರಿಲೀಸ್' ಎಂಬ ಒಂದು ಕಡತವಿರುತ್ತದೆ (ನೀವು ಹೇಳಿದ ರಿಲೀಸ್ ಕಡತ ಇದೇ), ಸಹಿ ಇರುವುದು ಅದಕ್ಕೆ. ಅದರೊಳಗೆ 'ಪ್ಯಾಕೇಜಸ್' ಪಟ್ಟಿಗಳ ಎಸ್‌ಎಚ್‌ಎ-256 ಮೊತ್ತಗಳು, ಅಂದರೆ ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಗುರುತು ಸಂಖ್ಯೆಗಳು, ಇರುತ್ತವೆ, ಆ ಪಟ್ಟಿಗಳೊಳಗೆ ಪ್ರತಿಯೊಂದು ಡೆಬ್ (ಪ್ಯಾಕೇಜು) ಕಡತದ ಮೊತ್ತವಿರುತ್ತದೆ. ಹೀಗಾಗಿ ಮೇಲಿನ ಒಂದು ಸಹಿ ಸರಿಯಿದೆಯೆಂದು ಗೊತ್ತಾದರೆ ಕೆಳಗಿನ ಸಾವಿರಾರು ಕಡತಗಳಿಗೂ ಅದೇ ಆಧಾರ. 'ಟ್ರಸ್ಟೆಡ್=ಯೆಸ್' ಎಂದು ಬರೆದಾಗ ಕಿತ್ತುಹೋಗುವುದು ಸರಪಳಿಯ ಈ ಮೇಲಿನ ಕೊಂಡಿಯೇ. ಕೆಳಗಿನ ಮೊತ್ತಗಳು ಹೊಂದಿಕೊಳ್ಳುತ್ತಲೇ ಇರುತ್ತವೆ, ಆದರೆ ಆ ಮೊತ್ತಗಳನ್ನು ಬರೆದವರು ಯಾರೆಂಬುದು ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಕೀಲಿಯ ವಿಷಯ. ಹಳೆಯ ಲೇಖನಗಳಲ್ಲಿ ಕಾಣುವ 'ಆಪ್ಟ್-ಕೀ ಆಡ್' ವಿಧಾನವನ್ನು ಬಳಸಬೇಡಿ. ಅದನ್ನು ಬಹುಕಾಲದಿಂದ ನಿರುತ್ತೇಜನಗೊಳಿಸಲಾಗುತ್ತಿತ್ತು, 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಆ ಆಜ್ಞೆಯೇ ಇಲ್ಲ. ಅದರ ತೊಂದರೆಯೇನೆಂದರೆ, ಹಾಗೆ ಸೇರಿಸಿದ ಕೀಲಿಯನ್ನು ಆಪ್ಟ್ ಎಲ್ಲ ರೆಪೊಸಿಟರಿಗಳಿಗೂ ಅನ್ವಯಿಸುತ್ತಿತ್ತು. ಪ್ರಿಂಟರ್ ತಯಾರಕರ ಕೀಲಿ ಕಳುವಾದರೆ ಅದರಿಂದ ಸಹಿ ಮಾಡಿದ ನಕಲಿ ಉಬುಂಟು ಭಂಡಾರವನ್ನೂ ನಿಮ್ಮ ಯಂತ್ರ ಒಪ್ಪಿಕೊಳ್ಳಬಹುದಾಗಿತ್ತು. ಈಗಿನ ಕ್ರಮದಲ್ಲಿ ಕೀಲಿಯನ್ನು 'ಇಟಿಸಿ/ಆಪ್ಟ್/ಕೀರಿಂಗ್ಸ್' ಫೋಲ್ಡರಿನಲ್ಲಿಟ್ಟು, ಆ ರೆಪೊಸಿಟರಿಯ 'ಸೋರ್ಸಸ್' ಕಡತದಲ್ಲಿ 'ಸೈನ್ಡ್-ಬೈ' ಎಂಬ ಸಾಲಿನಲ್ಲಿ ಅದರ ಪೂರ್ಣ ದಾರಿಯನ್ನು ಬರೆಯಬೇಕು. ಆಗ ಆ ರೆಪೊಸಿಟರಿಗೆ ಆ ಕೀಲಿ ಮಾತ್ರ ಸಲ್ಲುತ್ತದೆ.

ಇಲ್ಲಿ ಕೈಕೊಡುವ ಎರಡು ಸಣ್ಣ ಸಂಗತಿಗಳಿವೆ. ಕೀಲಿಯ ಕಡತ ಅಕ್ಷರರೂಪದ್ದಾಗಿದ್ದರೆ ಅದರ ಹೆಸರು 'ಎಎಸ್‌ಸಿ' ಎಂದು ಕೊನೆಗೊಳ್ಳಬೇಕು, ಬೈನರಿಯಾಗಿದ್ದರೆ 'ಜಿಪಿಜಿ' ಎಂದು. ಅದಲುಬದಲಾದರೆ ಆಪ್ಟ್ ಆ ಕೀಲಿಯನ್ನು ಬದಿಗಿಡುತ್ತದೆ. ಎರಡನೆಯದಾಗಿ, ಡೌನ್‌ಲೋಡು ಮತ್ತು ಪರಿಶೀಲನೆಯ ಕೆಲಸಗಳನ್ನು ಆಪ್ಟ್ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಮಾಡದೆ 'ಅಂಡರ್‌ಸ್ಕೋರ್ ಆಪ್ಟ್' ಎಂಬ ಪ್ರತ್ಯೇಕ ಬಳಕೆದಾರನಿಂದ ಮಾಡಿಸುತ್ತದೆ. ಕೀಲಿಯ ಕಡತವನ್ನು ರೂಟ್ ಮಾತ್ರ ಓದುವಂತೆ 600 ಅನುಮತಿಯಲ್ಲಿ ಉಳಿಸಿದ್ದರೆ ಆ ಬಳಕೆದಾರನಿಗೆ ಅದು ಕಾಣುವುದೇ ಇಲ್ಲ, ಕೀಲಿ ಕಣ್ಣೆದುರಿಗೇ ಇದ್ದರೂ 'ನೋ ಪಬ್‌ಕೀ' ಬರುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಇರಬಹುದೆಂದು ನನ್ನ ಗುಮಾನಿ. ಅನುಮತಿಯನ್ನು ಎಲ್ಲರೂ ಓದಬಹುದಾದ 644ಕ್ಕೆ ಬದಲಿಸಿ ನೋಡಿ. ಕೀಲಿಯನ್ನು ಹೊಸದಾಗಿ ತರುವುದಾದರೆ 'ಜಿಪಿಜಿ --ಶೋ-ಕೀಸ್' ಕೊಟ್ಟು, ಕಾಣುವ 40 ಅಂಕಾಕ್ಷರಗಳ ಬೆರಳಚ್ಚನ್ನು (ಕೀಲಿಯ ಗುರುತನ್ನು) ತಯಾರಕರು ಪ್ರಕಟಿಸಿರುವುದರ ಜೊತೆ ಪೂರ್ತಿಯಾಗಿ ಹೋಲಿಸಿ. ಕೊನೆಯ ಎಂಟನ್ನು ಮಾತ್ರ ನೋಡಿ ಸುಮ್ಮನಾಗಬೇಡಿ, ಅಷ್ಟನ್ನು ಹೊಂದಿಸಿದ ನಕಲಿ ಕೀಲಿಯನ್ನು ತಯಾರಿಸುವುದು ಕಷ್ಟವೇನಲ್ಲ.

'ಸೈನ್ಡ್-ಬೈ' ಬರೆದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ಹಲವರು ತಿಳಿದಿದ್ದಾರೆ, ಅದು ಪೂರ್ತಿ ಸರಿಯಲ್ಲ. ಆ ರೆಪೊಸಿಟರಿಯವರು ತಮ್ಮದೇ ಸರಿಯಾದ ಸಹಿಯಡಿಯಲ್ಲಿ 'ಓಪನ್‌ಎಸ್‌ಎಸ್‌ಎಚ್' ಎಂಬ ಹೆಸರಿನ, ಹೆಚ್ಚಿನ ಆವೃತ್ತಿ ಸಂಖ್ಯೆಯ ಪ್ಯಾಕೇಜನ್ನು ಇಟ್ಟರೆ, ಆಪ್ಟ್ ಉಬುಂಟುವಿನದನ್ನು ಬಿಟ್ಟು ಅದನ್ನೇ ಆರಿಸಿಕೊಳ್ಳುತ್ತದೆ, ಏಕೆಂದರೆ ಎರಡಕ್ಕೂ ಆದ್ಯತೆ 500. ಇದನ್ನು ತಡೆಯಲು 'ಪ್ರಿಫರೆನ್ಸಸ್.ಡಿ' ಫೋಲ್ಡರಿನಲ್ಲಿ ಒಂದು ಕಡತ ಮಾಡಿ, ಆ ಸರ್ವರಿನ ಹೆಸರಿಗೆ 'ಪಿನ್-ಪ್ರಯಾರಿಟಿ' 100 ಎಂದು ಕೊಡಿ. ಹೀಗೆ ಮಾಡಿದರೆ ಪ್ರಿಂಟರಿನ ಚಾಲಕ ಮಾಮೂಲಿನಂತೆ ನವೀಕರಣಗೊಳ್ಳುತ್ತದೆ, ಉಬುಂಟುವಿನಲ್ಲೂ ಇರುವ ಪ್ಯಾಕೇಜುಗಳಿಗೆ ಮಾತ್ರ ಉಬುಂಟುವಿನದೇ ಮೇಲುಗೈಯಾಗುತ್ತದೆ. 'ಆಪ್ಟ್-ಕ್ಯಾಶ್ ಪಾಲಿಸಿ' ಕೊಟ್ಟರೆ ಯಾವುದಕ್ಕೆ ಎಷ್ಟು ಆದ್ಯತೆ ಎಂಬುದು ಕಾಣುತ್ತದೆ.

ಡೆಬಿಯನ್ ಯಂತ್ರಗಳ ತಕರಾರಿಗೆ ರೆಪೊಸಿಟರಿ ಕಾರಣವಲ್ಲ, ಗಡಿಯಾರ ಕಾರಣ. ಹಳೆಯ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಸರ್ವರಿನಲ್ಲಿರುವ ಇಂದಿನ ಕಡತ ಯಂತ್ರದ ಕಣ್ಣಿಗೆ ಭವಿಷ್ಯದ್ದಾಗಿ ಕಾಣುತ್ತದೆ. 'ಟೈಮ್‌ಡೇಟ್‌ಸಿಟಿಎಲ್' ಕೊಟ್ಟು ಸಮಯ ನೋಡಿ, ಬ್ಯಾಟರಿ ಬದಲಿಸಿ. ತಂತ್ರಜ್ಞರು ಹೇಳಿಹೋದದ್ದು 'ಚೆಕ್-ಡೇಟ್' ಅಥವಾ 'ಚೆಕ್-ವ್ಯಾಲಿಡ್-ಅಂಟಿಲ್' ಅನ್ನು ಆರಿಸುವ ಉಪಾಯವೇ ಇರಬೇಕು, ಅದನ್ನು ಮಾಡಬೇಡಿ. ಡೆಬಿಯನ್‌ನ ಸೆಕ್ಯುರಿಟಿ ಭಂಡಾರದ ರಿಲೀಸ್ ಕಡತಕ್ಕೆ ಒಂದು ವಾಯಿದೆ ಇರುತ್ತದೆ. ನಿಮ್ಮ ಯಂತ್ರಕ್ಕೂ ಸರ್ವರಿಗೂ ನಡುವೆ ಕುಳಿತವನು ಹಳೆಯ, ಆದರೆ ಸರಿಯಾಗಿಯೇ ಸಹಿಯಾದ ಪಟ್ಟಿಯನ್ನು ಮತ್ತೆ ಮತ್ತೆ ತೋರಿಸಿ, ಹೊಸ ಭದ್ರತಾ ತಿದ್ದುಪಡಿ ಬಂದದ್ದೇ ತಿಳಿಯದಂತೆ ಮಾಡುವುದನ್ನು ಈ ವಾಯಿದೆ ತಡೆಯುತ್ತದೆ.

ನಾಯಕ, ಅಂಕೋಲಾ

ಗಾಂವ್ಕರರು ಹೇಳಿದ್ದೆಲ್ಲ ಶಾಸ್ತ್ರೀಯವಾಗಿ ಸರಿ. ಆದರೆ ಇದು ಬ್ಯಾಂಕಲ್ಲ, ಮಕ್ಕಳು ಚಿತ್ರ ಬಿಡಿಸುವ, ಟೈಪಿಂಗ್ ಕಲಿಯುವ ಕೊಠಡಿ. ಒಬ್ಬರೇ ಶಿಕ್ಷಕರು ಇಷ್ಟನ್ನೆಲ್ಲ ನಿಭಾಯಿಸಬೇಕೇ? ಎಲ್ಲ ರೆಪೊಸಿಟರಿಗಳ ವಿಳಾಸವನ್ನು ಗುಪ್ತಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್‌ಗೆ ಬದಲಿಸಿಬಿಟ್ಟರೆ ಸಾಲದೇ?

ಗಾಂವ್ಕರ್, ಕಾರವಾರ

ಸಾಲದು, ನಾಯಕರೇ. ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು ಮಾತ್ರ, ಭಂಡಾರದ ಪ್ರತಿ ಇಟ್ಟಿರುವ ಮಿರರ್ ಸರ್ವರೇ ಕೆಟ್ಟವರ ಕೈಗೆ ಸಿಕ್ಕರೆ ಅದರಿಂದ ಉಪಯೋಗವಿಲ್ಲ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ ಹಿಂಬಾಗಿಲಿರುವ ಐಎಸ್‌ಒ (ಅನುಸ್ಥಾಪನಾ) ಕಡತವನ್ನು ಹಂಚಿದ್ದರು. ಹಾಗೆಂದು ಸಹಿಯೊಂದೇ ಸಾಕೆಂದೂ ನಾನು ಹೇಳುವುದಿಲ್ಲ. 2019ರ ಜನವರಿಯಲ್ಲಿ ಬಯಲಾದ ಆಪ್ಟ್‌ನ ಲೋಪದಲ್ಲಿ, ಎಚ್‌ಟಿಟಿಪಿ ಮರುನಿರ್ದೇಶನವನ್ನು (ಬೇರೆ ವಿಳಾಸಕ್ಕೆ ಹೋಗೆನ್ನುವ ಉತ್ತರವನ್ನು) ಆಪ್ಟ್ ಎಚ್ಚರವಿಲ್ಲದೆ ಓದುತ್ತಿದ್ದುದರಿಂದ, ನಡುವೆ ಕುಳಿತವನು ಸುಳ್ಳು ಮೊತ್ತಗಳನ್ನು ಒಳಸೇರಿಸಿ ತನ್ನ ಪ್ಯಾಕೇಜನ್ನು ದಾಟಿಸಬಹುದಾಗಿತ್ತು. ಆ ಸಂದರ್ಭದಲ್ಲಿ ಎಚ್‌ಟಿಟಿಪಿಎಸ್ ಇದ್ದವರಿಗೆ ದಾರಿಯಲ್ಲಿನ ಅಪಾಯ ತಪ್ಪಿತ್ತು. ಎರಡೂ ಇರಲಿ.

ಶಾಲೆಯ ಕೊಠಡಿ ಎಂಬ ಮಾತಿಗೆ ಇಷ್ಟೇ ಹೇಳುತ್ತೇನೆ. ಪ್ಯಾಕೇಜಿನೊಳಗಿನ ಅನುಸ್ಥಾಪನಾ ಸ್ಕ್ರಿಪ್ಟುಗಳು ರೂಟ್ ಅಧಿಕಾರದಲ್ಲಿ ಓಡುತ್ತವೆ. ಮಕ್ಕಳ ಅಂಕಪಟ್ಟಿ, ಆಧಾರ್ ಸಂಖ್ಯೆಗಳನ್ನು ತುಂಬುವುದೂ ಬಹುಪಾಲು ಶಾಲೆಗಳಲ್ಲಿ ಅದೇ ಯಂತ್ರಗಳಿಂದಲೇ.

ಶಾನಭಾಗ, ಕುಮಟಾ

ಭದ್ರತೆಯ ಬಗ್ಗೆ ಗಾಂವ್ಕರರು ಬರೆದಾಗಿದೆ, ನಾನು ಡೌನ್‌ಲೋಡಿನ ಬಗ್ಗೆ ಬರೆಯುತ್ತೇನೆ. ಹೆಗಡೆಯವರ ಕೊಠಡಿಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾಗುವುದು 'ಆಪ್ಟ್-ಕ್ಯಾಶರ್-ಎನ್‌ಜಿ' ಎಂಬ ಕ್ಯಾಶ್, ಅಂದರೆ ಪ್ಯಾಕೇಜುಗಳ ಸ್ಥಳೀಯ ಸಂಗ್ರಹ. ಒಂದು ಯಂತ್ರದಲ್ಲಿ ಅದನ್ನು ಹಾಕಿ, ಉಳಿದ ಯಂತ್ರಗಳ 'ಆಪ್ಟ್.ಕಾನ್ಫ್.ಡಿ' ಫೋಲ್ಡರಿನಲ್ಲಿ 'ಅಕ್ವಾಯರ್::ಎಚ್‌ಟಿಟಿಪಿ::ಪ್ರಾಕ್ಸಿ' ಎಂಬ ಸಾಲಿನಲ್ಲಿ ಆ ಯಂತ್ರದ ವಿಳಾಸವನ್ನೂ 3142 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ, ಒಂದು ಪ್ಯಾಕೇಜು ಘಟ್ಟ ಹತ್ತಿ ಬರುವುದು ಒಂದೇ ಸಲ. ಉಳಿದ ಯಂತ್ರಗಳಿಗೆ ಅದು ಕೊಠಡಿಯೊಳಗಿನಿಂದಲೇ ಸಿಗುತ್ತದೆ. ಸಹಿ ಮತ್ತು ಮೊತ್ತಗಳ ಪರಿಶೀಲನೆ ಆಯಾ ಯಂತ್ರದಲ್ಲೇ ನಡೆಯುವುದರಿಂದ, ನಡುವಿನ ಈ ಯಂತ್ರವನ್ನು ಕಣ್ಣುಮುಚ್ಚಿ ನಂಬಬೇಕಾದ ಅಗತ್ಯವೂ ಬೀಳುವುದಿಲ್ಲ. 'ಟ್ರಸ್ಟೆಡ್=ಯೆಸ್' ಉಳಿಸಿಕೊಂಡಿದ್ದರೆ ಮಾತ್ರ ಈ ಮಾತು ನಿಲ್ಲುವುದಿಲ್ಲ.

ಒಂದು ತೊಡಕುಂಟು. ಎಚ್‌ಟಿಟಿಪಿಎಸ್ ಮೂಲಕ ಗುಪ್ತಲಿಪಿಯಾಗಿ ಹಾದುಹೋಗುವುದನ್ನು ಈ ಕ್ಯಾಶ್ ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದ ಮೇಲೆ ಹೇಳಿದ 'ಎರಡೂ ಇರಲಿ' ಎಂಬ ಸಲಹೆಗೂ ಇದಕ್ಕೂ ಸ್ವಲ್ಪ ಜಗಳ. ನಿಮ್ಮಂಥ ಸಂಪರ್ಕದಲ್ಲಿ ಉಬುಂಟು ಮತ್ತು ಡೆಬಿಯನ್‌ಗಳ ಮುಖ್ಯ ಭಂಡಾರಗಳನ್ನು ಎಚ್‌ಟಿಟಿಪಿಯಲ್ಲೇ ಬಿಟ್ಟು ಕ್ಯಾಶ್‌ನ ಲಾಭ ಪಡೆಯುವುದು, ಚಿಕ್ಕದಾದ ಪ್ರಿಂಟರ್ ರೆಪೊಸಿಟರಿಯನ್ನು ಎಚ್‌ಟಿಟಿಪಿಎಸ್‌ನಲ್ಲಿ ನೇರವಾಗಿ ತರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. 2019ರ ಲೋಪ ಆಗಲೇ ಸರಿಯಾಗಿದೆ, ಈಗಿನ ಆವೃತ್ತಿಗಳಲ್ಲಿ ಅದಿಲ್ಲ.

ಉಳಿದವು ಚಿಕ್ಕ ಚಿಕ್ಕ ತಿದ್ದುಪಡಿಗಳು. 'ಅಕ್ವಾಯರ್::ರಿಟ್ರೈಸ್' (ಮರುಪ್ರಯತ್ನಗಳ ಸಂಖ್ಯೆ) ಈಗಿನ ಆಪ್ಟ್‌ನಲ್ಲಿ ತಾನಾಗಿಯೇ 3 ಇರುತ್ತದೆ, ಹಾಟ್‌ಸ್ಪಾಟಿನ ಮೇಲಿರುವಾಗ 10 ಮಾಡಿಕೊಳ್ಳಬಹುದು. ಟೈಮ್‌ಔಟನ್ನು (ಉತ್ತರಕ್ಕೆ ಕಾಯುವ ಅವಧಿಯನ್ನು) 120 ಸೆಕೆಂಡಿಗೆ ಏರಿಸಿ. 'ಅಕ್ವಾಯರ್::ಲ್ಯಾಂಗ್ವೇಜಸ್' ಅನ್ನು 'ನನ್' ಮಾಡಿದರೆ ಪ್ಯಾಕೇಜು ವಿವರಣೆಗಳ ಅನುವಾದದ ಕಡತಗಳು ಬರುವುದು ನಿಲ್ಲುತ್ತದೆ. ಪಾಠದ ವೇಳೆಯಲ್ಲಿ ಸಂಪರ್ಕವನ್ನೆಲ್ಲ ಆಪ್ಟ್ ನುಂಗದಂತೆ 'ಡಿಎಲ್-ಲಿಮಿಟ್' ಕೊಡಬಹುದು, ಅದರ ಸಂಖ್ಯೆ ಸೆಕೆಂಡಿಗೆ ಇಷ್ಟು ಕಿಲೋಬೈಟ್ ಎಂದು, ಕಿಲೋಬಿಟ್ ಎಂದಲ್ಲ. ಅರ್ಧಕ್ಕೆ ನಿಂತ ಪ್ಯಾಕೇಜು 'ಪಾರ್ಷಿಯಲ್' ಫೋಲ್ಡರಿನಲ್ಲಿ ಉಳಿದಿರುತ್ತದೆ, ಮುಂದಿನ ಸಲ ಅಲ್ಲಿಂದಲೇ ಮುಂದುವರಿಯುತ್ತದೆ, ಅದನ್ನು ಅಳಿಸಬೇಡಿ. ಮಳೆಗಾಲದಲ್ಲಿ ನಾನು ಅಪ್‌ಗ್ರೇಡಿಗೆ ಮೊದಲು '--ಡೌನ್‌ಲೋಡ್-ಓನ್ಲಿ' ಕೊಟ್ಟು ಎಲ್ಲವನ್ನೂ ತಂದಿಟ್ಟುಕೊಂಡು, ಅನುಸ್ಥಾಪನೆಯನ್ನು ಯುಪಿಎಸ್ ಗಟ್ಟಿಯಿರುವ ಹೊತ್ತಿಗೆ ಮಾಡುತ್ತೇನೆ. ಡೌನ್‌ಲೋಡು ಕಡಿದರೆ ನಷ್ಟವಿಲ್ಲ, ಪ್ಯಾಕೇಜು ಬಿಚ್ಚಿಕೊಳ್ಳುತ್ತಿರುವಾಗ ಕರೆಂಟು ಹೋದರೆ ತಾಪತ್ರಯ.

'ಆಪ್ಟ್.ಕಾನ್ಫ್.ಡಿ' ಫೋಲ್ಡರಿನ ಕಡತಗಳನ್ನು ಹೆಸರಿನ ಕ್ರಮದಲ್ಲಿ ಓದಲಾಗುತ್ತದೆ, ಕೊನೆಗೆ ಓದಿದ್ದೇ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಕಡತದ ಹೆಸರನ್ನು 99ರಿಂದ ಆರಂಭಿಸಿ, ಆಮೇಲೆ 'ಆಪ್ಟ್-ಕಾನ್ಫಿಗ್ ಡಂಪ್' ಕೊಟ್ಟು ನಿಜವಾಗಿ ಯಾವ ಬೆಲೆ ಜಾರಿಯಲ್ಲಿದೆಯೆಂದು ನೋಡಿಕೊಳ್ಳಿ.

ಹೆಗಡೆ, ಶಿರಸಿ

ಎಲ್ಲರಿಗೂ ಧನ್ಯವಾದಗಳು. ಗಾಂವ್ಕರರ ಗುಮಾನಿ ನಿಜವಾಯಿತು, ಕೀಲಿಯ ಕಡತ 600ರಲ್ಲಿತ್ತು. ಬೆರಳಚ್ಚನ್ನು ಹೋಲಿಸಿ, 644 ಮಾಡಿ, 'ಟ್ರಸ್ಟೆಡ್' ಸಾಲನ್ನು ತೆಗೆದ ಮೇಲೂ ಅಪ್‌ಡೇಟ್ ಸರಾಗವಾಗಿ ನಡೆಯಿತು. ಡೆಬಿಯನ್ ಯಂತ್ರಗಳಿಗೆ ಬ್ಯಾಟರಿ ತರಿಸಬೇಕಾಗಿದೆ.

ಇನ್ನೊಂದು ಸಂಶಯ. ಹಾಟ್‌ಸ್ಪಾಟಿನಲ್ಲಿರುವಾಗ ಕೆಲವೊಮ್ಮೆ 'ಸಹಿಯಾದ ಕಡತ ಮಾನ್ಯವಲ್ಲ, ನೋಸ್ಪ್ಲಿಟ್ ಸಿಕ್ಕಿದೆ' ಎಂಬ ದೋಷ ಉಬುಂಟುವಿನ ಸ್ವಂತ ಭಂಡಾರಕ್ಕೇ ಬರುತ್ತದೆ. ಉಬುಂಟುವಿನ ಕೀಲಿಯೂ ಕೆಟ್ಟಿದೆಯೇ?

ಶಾನಭಾಗ, ಕುಮಟಾ

ಕೀಲಿ ಕೆಟ್ಟಿಲ್ಲ. ಡೇಟಾ ಮುಗಿದಾಗ ಮೊಬೈಲ್ ಕಂಪನಿಯವರು ಎಚ್‌ಟಿಟಿಪಿಯಲ್ಲಿ ಕೇಳಿದ ಪುಟದ ಬದಲು ತಮ್ಮ ರೀಚಾರ್ಜ್ ಪುಟವನ್ನು ಕಳಿಸುವುದುಂಟು. ಆಪ್ಟ್ 'ಇನ್‌ರಿಲೀಸ್' ಕೇಳಿದರೆ ಅದರ ಕೈಗೆ ಬರುವುದು ಆ ಎಚ್‌ಟಿಎಂಎಲ್ ಪುಟ. ಅದರಲ್ಲಿ ಸಹಿಯೇ ಇಲ್ಲದ್ದರಿಂದ ತಿರಸ್ಕರಿಸುತ್ತದೆ. ಆ ದೋಷದ ಕೊನೆಯಲ್ಲಿ ಈ ಜಾಲಕ್ಕೆ ಲಾಗಿನ್ ಬೇಕೇ ಎಂಬ ಪ್ರಶ್ನೆಯೂ ಇರುತ್ತದೆ, ಗಮನಿಸಿ. ಬ್ರೌಸರಿನಲ್ಲಿ ಯಾವುದಾದರೂ ಎಚ್‌ಟಿಟಿಪಿ ವಿಳಾಸ ತೆರೆದರೆ ಗೊತ್ತಾಗುತ್ತದೆ. ಸಂಪರ್ಕ ಸರಿಯಾದ ಮೇಲೆ 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಉಳಿದುಕೊಂಡರೆ 'ವಾರ್/ಲಿಬ್/ಆಪ್ಟ್/ಲಿಸ್ಟ್ಸ್' ಒಳಗಿನ ಕಡತಗಳನ್ನು ಅಳಿಸಿ ಮತ್ತೆ ಅಪ್‌ಡೇಟ್ ಕೊಡಿ.

ಗಾಂವ್ಕರ್, ಕಾರವಾರ

ಫೆಡೋರಾ ಲ್ಯಾಪ್‌ಟಾಪು ಉಳಿದುಹೋಯಿತು. ಅಲ್ಲಿ ಆಪ್ಟ್ ಬದಲು ಡಿಎನ್‌ಎಫ್ ಇದೆ, ಕ್ರಮ ಬೇರೆ. ಅಲ್ಲಿನ ಪ್ಯಾಕೇಜು ರೂಪವಾದ ಆರ್‌ಪಿಎಂನಲ್ಲಿ ಪ್ರತಿ ಪ್ಯಾಕೇಜಿಗೂ ತನ್ನದೇ ಸಹಿ ಇರುತ್ತದೆ, 'ಜಿಪಿಜಿಚೆಕ್=1' ಅದನ್ನು ನೋಡುತ್ತದೆ, ಅದು ಎಲ್ಲ ರೆಪೊ ಕಡತಗಳಲ್ಲೂ 1 ಇದೆಯೆಂದು ಖಚಿತಪಡಿಸಿಕೊಳ್ಳಿ. 'ರೆಪೊ_ಜಿಪಿಜಿಚೆಕ್' ಎಂಬುದು ಪ್ಯಾಕೇಜು ಪಟ್ಟಿಯ ಸಹಿಗೆ ಸಂಬಂಧಿಸಿದ್ದು. ಫೆಡೋರಾದವರು ಪಟ್ಟಿಗೆ ಸಹಿ ಹಾಕುವುದಿಲ್ಲ, ಅದರ ಮೊತ್ತವನ್ನು ಎಚ್‌ಟಿಟಿಪಿಎಸ್ ಮೆಟಾಲಿಂಕ್ (ಮಿರರ್‌ಗಳ ವಿಳಾಸಪಟ್ಟಿ) ಮೂಲಕ ಕೊಡುತ್ತಾರೆ, ಆದ್ದರಿಂದ ಅವರ ಭಂಡಾರಕ್ಕೆ ಇದನ್ನು 1 ಮಾಡಿದರೆ ಅಪ್‌ಡೇಟೇ ನಿಲ್ಲುತ್ತದೆ. ನಿಧಾನ ಸಂಪರ್ಕದಲ್ಲಿ ಕಾಡುವುದು 'ಮಿನ್‌ರೇಟ್'. ಸೆಕೆಂಡಿಗೆ 1000 ಬೈಟಿಗಿಂತ ಕಡಿಮೆ ವೇಗ 30 ಸೆಕೆಂಡು ಮುಂದುವರಿದರೆ ಡಿಎನ್‌ಎಫ್ ಆ ಡೌನ್‌ಲೋಡನ್ನು ಕೈಬಿಡುತ್ತದೆ. 'ಡಿಎನ್‌ಎಫ್.ಕಾನ್ಫ್' ಕಡತದಲ್ಲಿ ಟೈಮ್‌ಔಟನ್ನು ಏರಿಸಿ, 'ಮ್ಯಾಕ್ಸ್_ಪ್ಯಾರಲಲ್_ಡೌನ್‌ಲೋಡ್ಸ್' ಅನ್ನು 3ರಿಂದ 1ಕ್ಕೆ ಇಳಿಸಿದರೆ ಹಾಟ್‌ಸ್ಪಾಟಿನ ಮೇಲೂ ಒಂದೊಂದಾಗಿ ಪೂರ್ತಿ ಬರುತ್ತವೆ.