ಚ್ಯಾಂಡಲಿಯರ್ ಇಳಿಸಿ ಏರಿಸುವ ಯಂತ್ರಕ್ಕೆ ಏನೆನ್ನಬೇಕು? (ನಾಳೆಯೊಳಗೆ ಬೇಕು)

ಮಾನ್ಯರೇ,
ಕಲ್ಯಾಣ ಮಂಟಪವೊಂದರ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಭಾಂಗಣದ ಚಾವಣಿ 24 ಅಡಿ ಎತ್ತರ, ನಡುಮಧ್ಯೆ ಗಾಜಿನ ದೊಡ್ಡ ಚ್ಯಾಂಡಲಿಯರ್. ಧೂಳು ಒರೆಸಲು, ಬಲ್ಬು ಬದಲಿಸಲು ಪ್ರತಿ ಸಲವೂ ಸಾರುವೆ ಕಟ್ಟಬೇಕಾಗಿತ್ತು. ಈಗ ಅದನ್ನು ಮೋಟಾರಿನಿಂದ ಕೆಳಗಿಳಿಸಿ ಮತ್ತೆ ಮೇಲೇರಿಸುವ ಯಂತ್ರ ಕೂರಿಸುತ್ತಿದ್ದಾರೆ. ಗೋಡೆಯ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಯಂತ್ರದ ಹೆಸರು, ಅದರ ಕೆಳಗೆ ಎಚ್ಚರಿಕೆಯ ಎರಡು ಸಾಲು ಬೇಕು. ನನಗೆ ಕೊಟ್ಟ ಕರಡಿನಲ್ಲಿ ‘ವಿದ್ಯುಚ್ಚಾಲಿತ ದೀಪಗುಚ್ಛ ಉತ್ಥಾಪಕ’ ಎಂದಿದೆ. ಇದನ್ನು ಓದಿದ ಯಾರಿಗೂ ಏನೂ ತಿಳಿಯುವುದಿಲ್ಲ. ಫಲಕ ಬರೆಯುವವರು ನಾಳೆ ಮಧ್ಯಾಹ್ನಕ್ಕೆ ಪಠ್ಯ ಕೇಳಿದ್ದಾರೆ. ದಯವಿಟ್ಟು ತಿಳಿಸಿ.
— ದಾವಣಗೆರೆಯಿಂದ

‘ಉತ್ಥಾಪಕ’ ಬೇಡವೇ ಬೇಡ. ‘ಗೊಂಚಲುದೀಪ’ವೂ ಬೇಡ, ಅದು ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ದೀಪಕ್ಕೆ ಹಳಗನ್ನಡದಲ್ಲಿ ‘ಸೊಡರ್’ ಇದೆ. ‘ಸೊಡರುಗೊಂಚಲು’ ಎಂದರೆ ಎರಡು ಪದವೂ ಕನ್ನಡ. ಎತ್ತುವ ಸಾಧನ ‘ಎತ್ತುಗೆ’. ‘ಸೊಡರುಗೊಂಚಲೆತ್ತುಗೆ’ ಎಂದು ಬರೆಯಿರಿ.
— ಮೈಸೂರಿನಿಂದ

ಮಂಟಪದ ಕಾವಲುಗಾರ ಓದಬೇಕಾದ ಫಲಕ ಇದು. ‘ಸೊಡರುಗೊಂಚಲೆತ್ತುಗೆ’ ಅವನಿಗೆ ‘ಉತ್ಥಾಪಕ’ದಷ್ಟೇ ದೂರ. ಅರಿಸಮಾಸಕ್ಕೆ ಇಷ್ಟು ಹೆದರುವುದಾದರೆ ಗುಡಿಯ ಮುಂದಿನ ಗರುಡಗಂಬದ ಹೆಸರನ್ನೂ ಬದಲಿಸಬೇಕಾಗುತ್ತದೆ.

ನಮ್ಮ ಕಡೆ ‘ಕಂದೀಲು’ ಎಂಬ ಮಾತಿದೆ. ಅರಬ್ಬಿಯ ‘ಕಿಂದೀಲ್’ ಮರಾಠಿಯ ಹಾದಿಯಲ್ಲಿ ನಮಗೆ ಬಂದದ್ದು. ಆ ಕಿಂದೀಲ್‌ನ ಮೂಲ ಲ್ಯಾಟಿನ್ನಿನ ‘ಕಾಂದೇಲಾ’, ಅಂದರೆ ಮೇಣದ ಬತ್ತಿ. ಫ್ರೆಂಚರ ಚ್ಯಾಂಡಲಿಯರ್ ಹುಟ್ಟಿದ್ದೂ ಅದರಿಂದಲೇ. ಒಂದೇ ಬೇರಿನ ಪದ ನೂರಾರು ವರ್ಷ ಮೊದಲೇ ನಮ್ಮ ಮನೆಯ ಪಡಸಾಲೆಗೆ ಬಂದು ಕೂತಿರುವಾಗ ಹೊಸದನ್ನು ಏಕೆ ಹುಡುಕಬೇಕು? ‘ತೂಗುಕಂದೀಲು’ ಎನ್ನಿ.
— ಧಾರವಾಡದಿಂದ

ಕಂದೀಲು ಎಂದರೆ ಜನರ ಕಣ್ಣಿಗೆ ಬರುವುದು ಸೀಮೆಎಣ್ಣೆಯ ಲಾಟೀನು. ವ್ಯುತ್ಪತ್ತಿ ಸರಿ, ಫಲಕಕ್ಕೆ ಕೆಲಸಕ್ಕೆ ಬಾರದು.

ನಾನು ಕಟ್ಟಡಗಳ ವಿದ್ಯುತ್ ಕೆಲಸ ಮಾಡಿಸುವವನು. ಹೆಸರಿಡುವ ಮೊದಲು ಯಂತ್ರವನ್ನು ನೋಡಿ. ಮೋಟಾರು ಚಾವಣಿಯಲ್ಲಿ ಕೂತಿರುತ್ತದೆ. ಅದನ್ನು ಕಾಂಕ್ರೀಟಿನ ಸ್ಲ್ಯಾಬಿಗೋ ಉಕ್ಕಿನ ತೊಲೆಗೋ ಬೋಲ್ಟು ಹಾಕಿ ಬಿಗಿಯಬೇಕು. ಜಿಪ್ಸಮ್ಮಿನ ಫಾಲ್ಸ್ ಸೀಲಿಂಗಿಗೆ ತೂಗುಹಾಕಿದರೆ ಅನಾಹುತವೇ. ಒಳಗೆ ಒಂದು ಉರುಳೆ. ಉಕ್ಕಿನ ಹಗ್ಗ ಅದಕ್ಕೆ ಸುತ್ತಿಕೊಂಡಾಗ ದೀಪ ಏರುತ್ತದೆ, ಬಿಚ್ಚಿಕೊಂಡಾಗ ಇಳಿಯುತ್ತದೆ. ಹಲವು ಮಾದರಿಗಳಲ್ಲಿ ದೀಪ ಪೂರ್ತಿ ಮೇಲೇರಿ ತನ್ನ ಜಾಗದಲ್ಲಿ ಕೂತಾಗ ಮಾತ್ರ ಮೇಲಿನ ಮತ್ತು ಕೆಳಗಿನ ಲೋಹದ ಬಿಲ್ಲೆಗಳು ಒಂದಕ್ಕೊಂದು ತಾಗಿ ವಿದ್ಯುತ್ ಹರಿಯುತ್ತದೆ. ಇಳಿಯತೊಡಗಿದೊಡನೆ ಸಂಪರ್ಕ ಕಡಿದುಹೋಗುತ್ತದೆ. ಕೆಳಗೆ ನಿಂತು ಗಾಜು ಒರೆಸುವವನ ಜೀವಕ್ಕೆ ಅದೇ ರಕ್ಷೆ.

ಭಾರವಾದುದನ್ನು ತಗ್ಗಿನಿಂದ ಮೇಲಕ್ಕೆ ತರುವ ಸಾಧನಕ್ಕೆ ಕನ್ನಡದಲ್ಲಿ ಒಂದು ಪದ ಎಂದಿನಿಂದಲೂ ಇದೆ: ಏತ. ತೆಲುಗಿನ ‘ಏತಮು’, ತಮಿಳಿನ ‘ಏಟ್ರಂ’ ಇದರ ಒಡಹುಟ್ಟುಗಳು. ಎಲ್ಲಕ್ಕೂ ಮೂಲ ‘ಏರು’. ಎರಡೇ ಅಕ್ಷರ, ಯಾವ ಹಳ್ಳಿಯವರೂ ಅರ್ಥ ಕೇಳುವುದಿಲ್ಲ. ‘ಗೊಂಚಲು ದೀಪದ ಏತ’ ಎಂದು ಬರೆಯಿರಿ. ‘ದೀಪದ’ ಎಂದು ಷಷ್ಠಿ ಬಂದಮೇಲೆ ಅರಿಸಮಾಸದ ತಕರಾರು ಅರ್ಧ ಕಳೆಯಿತು. ಉಳಿದರ್ಧವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.
— ಶಿವಮೊಗ್ಗದಿಂದ

ಏತ ತಪ್ಪು. ಏತಕ್ಕೆ ಉದ್ದನೆಯ ತೊಲೆ ಬೇಕು, ಒಂದು ತುದಿಗೆ ನೀರಿನ ಪಾತ್ರೆ, ಇನ್ನೊಂದು ತುದಿಗೆ ಅದನ್ನು ಸರಿದೂಗಿಸುವ ಭಾರ. ಹಿಂದೆ ದೊಡ್ಡ ಚ್ಯಾಂಡಲಿಯರ್‌ಗಳಿಗೂ ಅಂಥ ಭಾರ ಕಟ್ಟುತ್ತಿದ್ದರು. ಪ್ಯಾರಿಸ್ಸಿನ ಒಪೆರಾ ಭವನದಲ್ಲಿ 1896ರ ಮೇ 20ರಂದು ಬಿದ್ದು ಒಬ್ಬ ಹೆಂಗಸನ್ನು ಕೊಂದದ್ದು ದೀಪವಲ್ಲ, ಆ ಭಾರ. ನೀವು ಹೇಳುವ ಯಂತ್ರದಲ್ಲಿ ತೊಲೆಯೂ ಇಲ್ಲ, ಭಾರವೂ ಇಲ್ಲ. ಹಗ್ಗ ಸುತ್ತುವುದು ರಾಟೆಯ ಜಾತಿ. ‘ದೀಪದ ರಾಟೆ’ ಎನ್ನಿ.
— ಮೈಸೂರಿನಿಂದ

ಮುಳವಾಡ ಏತ ನೀರಾವರಿ, ಸಿಂಗಟಾಲೂರು ಏತ ನೀರಾವರಿ ಯೋಜನೆಗಳನ್ನು ನೋಡಿ. ಅಲ್ಲಿ ತೊಲೆ ಎಲ್ಲಿದೆ? ಪಂಪು, ಕೊಳವೆಗಳಷ್ಟೇ ಇವೆ. ಆದರೂ ರೈತರು, ಇಂಜಿನಿಯರುಗಳು, ಪತ್ರಿಕೆಯವರು, ವಿಧಾನಸಭೆ, ಎಲ್ಲರೂ ಏತ ಎನ್ನುತ್ತಾರೆ. ಸಾಧನ ಹೋದರೂ ಕೆಲಸ ಉಳಿಯಿತು, ಹೆಸರು ಆ ಕೆಲಸಕ್ಕೆ ಅಂಟಿಕೊಂಡಿತು. ರಾಟೆ ಎಂದರೆ ಬಾವಿಯ ಗಾಲಿಯೋ ನೂಲುವ ಚರಕವೋ ಎಂಬ ಗೊಂದಲ ಈಗಲೇ ಇದೆ, ಮೂರನೆಯದನ್ನು ಅದರ ತಲೆಗೆ ಕಟ್ಟಬೇಡಿ.
— ಶಿವಮೊಗ್ಗದಿಂದ

ಇಷ್ಟೆಲ್ಲ ಏಕೆ? ಲಿಫ್ಟ್ ಕನ್ನಡದ್ದೇ ಪದ. ಮೇಜು, ಕುರ್ಚಿ, ಚಾವಿ, ಸಾಬೂನು ಎಲ್ಲ ಹೊರಗಿನಿಂದ ಬಂದವು. ‘ಮೋಟಾರು’ ನಿಮಗೆ ಒಪ್ಪಿಗೆ, ‘ಸ್ವಿಚ್ಚು’ ಒಪ್ಪಿಗೆ, ‘ಲಿಫ್ಟ್’ ಮಾತ್ರ ಮೈಲಿಗೆ! ಇದು ಭಾಷಾಪ್ರೇಮವಲ್ಲ, ಬಾಗಿಲಲ್ಲಿ ನಿಂತು ಮುಖ ನೋಡಿ ಒಳಗೆ ಬಿಡುವ ಚಾಳಿ. ‘ದೀಪದ ಲಿಫ್ಟ್’ ಬರೆಯಿರಿ.
— ಬೆಂಗಳೂರಿನಿಂದ

ಎರವಲಿನ ಬಗ್ಗೆ ನನಗೆ ಮೈಲಿಗೆಯಿಲ್ಲ. ದಿನವೆಲ್ಲ ವೈರು, ಫ್ಯೂಸು, ಹೋಲ್ಡರು ಎನ್ನುತ್ತಲೇ ಕೆಲಸ ಮಾಡಿಸುತ್ತೇನೆ. ಆದರೆ ಬಂದ ಪದ ಇಲ್ಲಿ ಯಾವ ಅರ್ಥಕ್ಕೆ ನೆಲೆ ನಿಂತಿದೆ ಎಂದು ನೋಡಬೇಡವೇ? ಕನ್ನಡಿಗರಿಗೆ ಲಿಫ್ಟ್ ಎಂದರೆ ಜನ ಹತ್ತುವ ಪೆಟ್ಟಿಗೆ, ಇಲ್ಲವೇ ದಾರಿಯಲ್ಲಿ ಬೈಕಿನವರನ್ನು ಕೇಳುವ ಉಪಕಾರ. ಮದುವೆ ಮನೆಗೆ ಮಂಡಿನೋವಿನ ಅಜ್ಜಿಯರು ಬರುತ್ತಾರೆ. ಊಟದ ಮಹಡಿಗೆ ಲಿಫ್ಟ್ ಎಲ್ಲಿ ಎಂದು ಹುಡುಕುವ ಮೊಮ್ಮಗನಿಗೆ ಗೋಡೆಯ ಮೇಲೆ ‘ಲಿಫ್ಟ್’ ಎಂಬ ಅಕ್ಷರ, ಪಕ್ಕದಲ್ಲಿ ಮೇಲೆ ಕೆಳಗೆ ಬಾಣದ ಗುಂಡಿಗಳು ಕಂಡರೆ ಅವನು ಒತ್ತಿಯೇ ಒತ್ತುತ್ತಾನೆ. ಅಷ್ಟು ಗಾಜು ಜನರ ತಲೆಯ ಮೇಲೆ ಇಳಿಯತೊಡಗುತ್ತದೆ. ಕೀಲಿ ಇರುವ ಸ್ವಿಚ್ಚನ್ನೇ ಹಾಕಿಸಿ ಎಂದೂ ಮಂಟಪದವರಿಗೆ ಹೇಳಿ. ಫಲಕಕ್ಕಿಂತ ಅದು ಮುಖ್ಯ.
— ಶಿವಮೊಗ್ಗದಿಂದ

ಎಲ್ಲರಿಗೂ ವಂದನೆಗಳು. ಕೀಲಿಯ ವಿಷಯ ಫೋನಿನಲ್ಲಿ ತಿಳಿಸಿದೆ, ಒಪ್ಪಿದ್ದಾರೆ. ಪಠ್ಯ ಹೀಗೆ ಕಳುಹಿಸಲಿದ್ದೇನೆ:

ಗೊಂಚಲು ದೀಪದ ಏತ
ಇಳಿಸುವ ಮೊದಲು ದೀಪ ಆರಿಸಿ.
ದೀಪ ಇಳಿಯುವಾಗ, ಏರುವಾಗ ಕೆಳಗೆ ಯಾರೂ ನಿಲ್ಲಬಾರದು.
— ದಾವಣಗೆರೆಯಿಂದ

ಏತದ ಬಗ್ಗೆ ನನ್ನ ವಿರೋಧ ಹಾಗೆಯೇ ಇದೆ. ಆದರೆ ಎರಡನೆಯ ಸಾಲನ್ನು ಖಂಡಿತ ಬದಲಿಸಿ. ಕಲ್ಯಾಣ ಮಂಟಪದ ಗೋಡೆಯ ಮೇಲೆ ‘ದೀಪ ಆರಿಸಿ’ ಎಂದು ಬರೆಯುವುದೇ? ನಮ್ಮ ಹಿರಿಯರು ದೀಪ ಶಾಂತ ಮಾಡು ಎನ್ನುತ್ತಿದ್ದರು, ಆ ಕ್ರಿಯಾಪದವನ್ನು ಬಾಯಿಗೆ ತರುತ್ತಿರಲಿಲ್ಲ. ಮೇಲಾಗಿ ‘ಆರಿಸು’ ಎಂದರೆ ಆಯ್ಕೆ ಮಾಡು ಎಂದೂ ಆಗುತ್ತದೆ.
— ಮೈಸೂರಿನಿಂದ

ಇದು ನೂರಕ್ಕೆ ನೂರು ಸರಿ. ಆದರೆ ‘ಶಾಂತ ಮಾಡಿ’ ಎಂದರೆ ಇಂದಿನ ಹುಡುಗರಿಗೆ ತಿಳಿಯದು. ‘ಮೊದಲು ದೀಪದ ಸ್ವಿಚ್ ಆಫ್ ಮಾಡಿ’ ಎಂದು ಹಾಕಿ.
— ಧಾರವಾಡದಿಂದ

ಹಾಗೆಯೇ ತಿದ್ದಿ ಈಗಷ್ಟೇ ಕಳುಹಿಸಿದೆ.
— ದಾವಣಗೆರೆಯಿಂದ